ತಾವರೆಯ ಇಪ್ಪತ್ತು ಪೈಸೆ

ಗಾಣಗಾಪುರದ ಗುಡಿಯ ಮುಂದಿನ ಅಂಗಡಿಯಲ್ಲಿ, ಕುಂಕುಮದ ಪೊಟ್ಟಣಗಳ ಪಕ್ಕ, ಒಂದು ತಟ್ಟೆಯ ತುಂಬ ಇಪ್ಪತ್ತು ಪೈಸೆಯ ಹಳದಿ ನಾಣ್ಯಗಳಿದ್ದವು. ನಾಣ್ಯದ ಒಂದು ಬದಿಗೆ ತಾವರೆ. "ಲಕ್ಷ್ಮಿ ಪೂಜಾಕ್ಕ ಒಯ್ತಾರ್ರಿ. ಈಗ ಎಲ್ಲೂ ಸಿಗಂಗಿಲ್ಲ," ಎಂದ ಅಂಗಡಿಯವ. ನನಗೆ ಪಕ್ಕದ ಮನೆಯ ಅಕ್ಕನ ಕೊರಳು ನೆನಪಾಯಿತು...

ಆಳಂದದಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ ಆ ನಾಣ್ಯ ಹೊಸದಾಗಿ ಬಂದಿತ್ತು. ಅದರಲ್ಲಿ ಬಂಗಾರ ಬೆರೆಸಿದ್ದಾರೆಂದು ಊರೆಲ್ಲ ಸುದ್ದಿ. ಕೈಗೆ ಸಿಕ್ಕದ್ದನ್ನು ಯಾರೂ ಮರಳಿ ಬಿಡಲಿಲ್ಲ. ಕೆಲವರು ಕರಗಿಸಿದರು, ಕೆಲವರು ಉಂಗುರ ಮಾಡಿಸಿದರು. ಕೆಲವೇ ವರ್ಷಗಳಲ್ಲಿ ಅದು ಸಂತೆಯಿಂದಲೇ ಮಾಯವಾಯಿತು. ಮುಂದೆ ಬಂದ ಇಪ್ಪತ್ತು ಪೈಸೆ ಬಿಳಿಯದು, ಆರು ಮೂಲೆಯದು, ಊದಿದರೆ ಹಾರುವಷ್ಟು ಹಗುರ.

ಅಪ್ಪ ಬಸ್ ಕಂಡಕ್ಟರ್. ಚೀಲಕ್ಕೆ ಬಿದ್ದ ಹಳದಿ ನಾಣ್ಯಗಳನ್ನು ತನ್ನ ಚಿಲ್ಲರೆ ಹಾಕಿ ಬದಲಿಸಿಕೊಂಡು ತರುತ್ತಿದ್ದ. ಕೊಡುತ್ತಿದ್ದುದು ಮಾತ್ರ ನನಗಲ್ಲ, ತಂದೆಯಿಲ್ಲದ ಆ ಅಕ್ಕನಿಗೆ. ಅವಳು ಅಪ್ಪನನ್ನು ಕಾಕಾ ಎನ್ನುತ್ತಿದ್ದಳು. ಅವರ ಮನೆಯ ಕಟ್ಟೆಯ ಮೇಲೆ ಕೂತು ಇಬ್ಬರೂ ಅದೇನೋ ಮಾತಾಡಿ ನಗುತ್ತಿದ್ದರು. ನಾನು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ನನಗ್ಯಾಕ ಕೊಡಂಗಿಲ್ಲ?" ಎಂದು ಒಮ್ಮೆ ಅಪ್ಪನನ್ನು ಕೇಳಿದೆ.

"ನಿನಗ ಅಪ್ಪ ಅದಾನ. ಅಕಿಗಿ ಯಾರ್ ಅದಾರ, ಹೇಳು."

ಆದರೂ ಹೊಟ್ಟೆಕಿಚ್ಚು ಆರಲಿಲ್ಲ.

ಆ ನಾಣ್ಯಗಳಿಗೆ ಕೊಂಡಿ ಹಾಕಿಸಿ ಮಾಡಿದ ಸರ ಹಾಕಿಕೊಂಡೇ ಅವಳು ಮದುವೆಯಾಗಿ ಅಫಜಲಪುರಕ್ಕೆ ಹೋದಳು. ಅಲ್ಲಿ ಅಕ್ಕಸಾಲಿಗ ಒರೆಗೆ ಹಚ್ಚಿ, ಇದು ಬರೀ ಹಿತ್ತಾಳೆ ಎಂದನಂತೆ. ಅದನ್ನು ಕೇಳಿ ನನಗೆ ಒಳಗೊಳಗೇ ಹಿಗ್ಗು. ಅತ್ತೆಮನೆಯವರು ಎಷ್ಟು ಹಂಗಿಸಿದರೂ ಅವಳು ಸರ ತೆಗೆಯಲಿಲ್ಲವೆಂದು ಕೇಳಿದಾಗ ಮತ್ತೆ ಉರಿದೆ.

ಅಪ್ಪ ತೀರಿಕೊಂಡಾಗ ಅವಳು ಬಂದಳು. ಕೊರಳಲ್ಲಿ ಅದೇ ಸರ. ಅತ್ತು ಸುಮ್ಮನಾದ ಮೇಲೆ ನನ್ನ ಪಕ್ಕ ಕೂತು ಹೇಳಿದಳು, "ಇದು ಬಂಗಾರಲ್ಲ ಅಂತ ಕಾಕಾಗ ಮೊದಲೇ ಗೊತ್ತಿತ್ತು, ತಂಗಿ. ನನಗ ಅವಾಗೇ ಹೇಳಿದ್ರು. ಆದ್ರೂ ಹಾಕ್ಕೋ, ಬರೇ ಕೊರಳಲೆ ಹೋಗಬ್ಯಾಡ ಅಂದಿದ್ರು."

ನನ್ನ ಮುಂದೆ ಅಪ್ಪ ಅದನ್ನು ಬಂಗಾರವೆಂದೇ ಹೇಳುತ್ತಾ ಬಂದಿದ್ದ. ಖರೆ ಮಾತು ಅವಳೊಬ್ಬಳ ಪಾಲಿಗೆ. ನಾಣ್ಯಗಳಿಗಿಂತ ಹೆಚ್ಚು ಅದು ನನ್ನನ್ನು ಸುಟ್ಟಿತು. ಆ ಕಟ್ಟೆಯ ಮೇಲೆ ಇನ್ನೂ ಏನೇನು ಹೇಳಿದ್ದನೋ... ಕೇಳಲು ಬಿಗುಮಾನ ಬಿಡಲಿಲ್ಲ.

ಹೋದ ವರ್ಷ ಅವಳೂ ತೀರಿಕೊಂಡಳು. ಈಗೀಗ ನನ್ನ ಮೊಮ್ಮಗಳು, "ನಿಮ್ಮಪ್ಪ ಹ್ಯಾಂಗಿದ್ದ, ಆಯಿ?" ಎಂದು ಕೇಳುತ್ತಾಳೆ. ಗೊತ್ತಿದ್ದಷ್ಟು ಹೇಳುತ್ತೇನೆ. ಅದು ಬೇಗ ಮುಗಿದುಹೋಗುತ್ತದೆ. ಉಳಿದದ್ದು ಗೊತ್ತಿದ್ದವಳು ಅವಳೊಬ್ಬಳೇ.