ಟೇಕಡಿಯ ದಾರಿಗೊಂದು ಬ್ಯಾಟರಿ

ದಸರೆ ಮುಗಿದ ಮೇಲೆ ಪುಣೆಯಲ್ಲಿ ಬೆಳಗಾಗುವುದು ತಡವಾಗುತ್ತ ಹೋಗುತ್ತದೆ. ಐದೂವರೆಗೆ ಟೇಕಡಿ ಹತ್ತುವವರಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಕೋಥರೂಡದಲ್ಲಿ ನಮ್ಮ ಫ್ಲ್ಯಾಟುಗಳ ಸೊಸೈಟಿಗಳ ಹಿಂದೆ ಇರುವ ಗುಡ್ಡವನ್ನು ಎಲ್ಲರೂ ಟೇಕಡಿ ಎನ್ನುತ್ತಾರೆ, ಮನೆಯಲ್ಲಿ ಕನ್ನಡ ಮಾತಾಡುವ ನಾವೂ ಹಾಗೆಯೇ ಅನ್ನುತ್ತೇವೆ. ನನ್ನ ಅಕ್ಕ ವರ್ಷಗಳಿಂದ ಅದನ್ನು ಹತ್ತುತ್ತಿದ್ದಾಳೆ, ಕೈಯಲ್ಲಿ ನೀರಿನ ಕ್ಯಾನು ಹಿಡಿದು. ಮೇಲೆ ನೆಟ್ಟ ಸಸಿಗಳಿಗೆ ವಾಕಿಂಗಿಗೆ ಬರುವವರೇ ನೀರು ಹೊತ್ತು ಹಾಕುವುದು ಇಲ್ಲಿನ ರೂಢಿ. ಅಕ್ಕನ ಪಾಲಿಗೆ ಒಂದು ಬೇವು, ಎರಡು ಹೊಂಗೆ ಬಂದಿವೆ. ಬೇವು ಈಗ ಅವಳ ಹೆಗಲೆತ್ತರ ಇದೆ.

ಅವಳು ಕತ್ತಲಲ್ಲೇ ಹೊರಡುವುದಕ್ಕೆ ಕಾರಣ ಮನೆಯ ಗಡಿಯಾರ. ಮಗನಿಗೆ ಚಾಕಣದ ಕಾರ್ಖಾನೆಯಲ್ಲಿ ಮೊದಲ ಪಾಳಿ. ಐಟಿ ಕೆಲಸದ ಸೊಸೆ ಹಿಂಜವಡಿಯ ಟ್ರಾಫಿಕ್ಕಿಗೆ ಸಿಗಬಾರದೆಂದು ಏಳೂವರೆಗೆ ಮನೆ ಬಿಡುತ್ತಾಳೆ. ಅದಕ್ಕೆ ಮೊದಲು ಮೊಮ್ಮಗನ ಡಬ್ಬಿ, ಅವನ ಶಾಲೆಯ ಬಸ್ಸು. ಆರೂವರೆಯಿಂದ ಆಮೇಲೆ ಅಕ್ಕ ಅಡಿಗೆಮನೆಯಲ್ಲಿ ಇರಲೇಬೇಕು. ಇಡೀ ದಿನದಲ್ಲಿ ಅವಳದೆಂದು ಉಳಿದದ್ದು ಆ ಕತ್ತಲಿನ ಒಂದು ಗಂಟೆ.

ಆ ಅಕ್ಟೋಬರಿನಲ್ಲಿ ಅವಳು ಒಂದು ದಿನ ಮೊಣಕಾಲು ತರಚಿಸಿಕೊಂಡು ಬಂದಳು. ದಾರಿಯ ಬದಿಗಿದ್ದ ಕಲ್ಲಿನ ಬೆಂಚು ತಾಗಿತ್ತು. ನಾನು ಚಹಾಕ್ಕೆ ಹೋದಾಗ ಸೊಸೆ ಗಾಯಕ್ಕೆ ಮುಲಾಮು ಹಚ್ಚುತ್ತಿದ್ದಳು. ಅವಳು ಮೈಸೂರಿನ ಕಡೆಯವಳು.

"ಅತ್ತೆ, ಇನ್ನೊಂದ್ ಸಲ ಹೀಗೆ ಆದ್ರೆ ಟೇಕಡಿ ಬಂದ್. ಸೀರಿಯಸ್ಸಾಗಿ ಹೇಳ್ತಿದೀನಿ. ಮಾವ, ನೀವಾದ್ರೂ ಹೇಳಿ."

"ಅವಗೇನ್ ಹೇಳ್ತೀ. ನಾ ಎಲ್ಲಿ ಬಿದ್ದೀನಿ? ತಾಕ್ತು," ಅಂದಳು ಅಕ್ಕ. "ವಯಸ್ಸಾಗಿದ್ದು ಬ್ಯಾಟರಿಗೆ. ನನಗಲ್ಲ."

ಟಾರ್ಚಿಗೆ ನಮ್ಮ ಧಾರವಾಡದ ಕಡೆ ಬ್ಯಾಟರಿ ಎನ್ನುವುದು. ಮರಾಠಿಯವರೂ ಹಾಗೆಯೇ ಅನ್ನುವುದರಿಂದ ಅಕ್ಕ ಇಲ್ಲಿಗೆ ಬಂದ ಮೇಲೂ ಆ ಮಾತು ಬದಲಿಸಬೇಕಾಗಲಿಲ್ಲ. ನಾನು ಹೊರಡುವಾಗ ಬಾಗಿಲ ತನಕ ಬಂದು ದನಿ ತಗ್ಗಿಸಿ ಹೇಳಿದಳು: "ತಮ್ಮಾ, ಭಾವುಬೀಜಕ್ಕ ಈ ಸಲ ಸೀರಿ ತರಬ್ಯಾಡ. ಕಪಾಟು ತುಂಬೇದ. ಒಂದು ಚಲೋ ಬ್ಯಾಟರಿ ಕೊಡಸು. ಇಲ್ಲಂದ್ರ ಈಕಿ ನನ್ನ ಮನಿಯಾಗ ಕೂಡಸ್ತಾಳ."

ದೀಪಾವಳಿಯ ಕೊನೆಯ ದಿನ ಭಾವುಬೀಜ. ಅಕ್ಕತಂಗಿಯರು ಆರತಿ ಎತ್ತುತ್ತಾರೆ, ಅಣ್ಣತಮ್ಮಂದಿರು ತಟ್ಟೆಯಲ್ಲಿ ಏನಾದರೂ ಇಡುತ್ತಾರೆ. ತಟ್ಟೆಗೆ ಬಿದ್ದದ್ದನ್ನು ಬದಲಿಸಿಕೊಡು ಎಂದು ಯಾವ ಅಕ್ಕನೂ ಕೇಳುವುದಿಲ್ಲ, ಚೆನ್ನಾಗಿಲ್ಲದಿದ್ದರೂ ಹೊಗಳಿ ಒಳಗಿಡುತ್ತಾಳೆ. ಸೀರೆಯಾದರೆ ನಡೆದೀತು. ಕತ್ತಲಲ್ಲಿ ಹಿಡಿದು ನಡೆಯುವ ವಸ್ತುವನ್ನು ಹಾಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ದುಡಿದವನು ನಾನು. ಡಬ್ಬಿಯ ಮೇಲೆ ಬರೆದದ್ದನ್ನು ನಂಬುವ ಅಭ್ಯಾಸವಿಲ್ಲ.

ತಪಕೀರ ಗಲ್ಲಿ ಪುಣೆಯ ಕರೆಂಟು ಸಾಮಾನಿನ ಬಜಾರು. ದೀಪಾವಳಿಗೆ ಮೊದಲು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ತಲೆಯ ಮೇಲೆಲ್ಲ ಮಿಣುಕುವ ಸರಗಳು. ನಾನು ಹೋಗುವ ಅಂಗಡಿಯವರು ವಿಜಯಪುರದವರು. ಅವರು ಗಾಜಿನ ಮೇಲೆ ಸಾಲಾಗಿ ಸಣ್ಣ ಎಲ್‌ಇಡಿ ಬ್ಯಾಟರಿಗಳನ್ನು ನಿಲ್ಲಿಸಿದರು. ನಾನು ಒಂದೊಂದನ್ನೂ ಹಚ್ಚಿ ಆರಿಸಿದೆ, ಗಲ್ಲಾದ ಕೆಳಗಿನ ಕತ್ತಲಿಗೆ ಬಗ್ಗಿ ನೋಡಿದೆ, ಅಂಗೈ ಒದ್ದೆ ಮಾಡಿಕೊಂಡು ಹಿಡಿದು ನೋಡಿದೆ.

"ಸರ, ನೀವು ಬ್ಯಾಟರಿ ತಗೊಳ್ಳಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ?" ಎಂದರು ಅವರು.

"ನಮ್ಮ ಅಕ್ಕಗ ರೀ. ಟೇಕಡಿಗೆ ಹೋಗ್ತಾಳ."

"ಅಕ್ಕಾರಿಗ ಅಂದ್ರ ಈ ಡಬ್ಬಿ ನೋಡ್ರಿ. ಮಖಮಲ್ ಅದ ಒಳಗ. ಕೊಟ್ರ ಕೊಟ್ಟಂಗ ಕಾಣಬೇಕ್ರಿ."

ಮಖಮಲ್ಲಿನ ಡಬ್ಬಿಯಲ್ಲಿದ್ದ ಬ್ಯಾಟರಿ ತೂಕವಾಗಿತ್ತು. ಗುಂಡಿ ಒತ್ತಿದರೆ ಪ್ರಖರ, ಮತ್ತೊಮ್ಮೆ ಒತ್ತಿದರೆ ಮಂದ, ಮೂರನೆಯ ಸಲ ಆಂಬುಲೆನ್ಸಿನಂತೆ ಮಿಟಮಿಟ. ಆರಿಸಬೇಕಾದರೆ ಆ ಮಿಟಮಿಟ ದಾಟಿಯೇ ಹೋಗಬೇಕು. ಉಡುಗೊರೆಗೆಂದು ಮಾರುವವುಗಳಲ್ಲಿ ಹೆಚ್ಚಿನವು ಹೀಗೆಯೇ. ಕೊಡುವವನು ಅಂಗಡಿಯಲ್ಲಿ ಮೆಚ್ಚಲಿ ಎಂದು ಮಾಡಿದವು, ಪಡೆದವರು ಬಳಸಲಿ ಎಂದಲ್ಲ. ಅದನ್ನು ಬಿಟ್ಟೆ. ಬೇಡದ್ದನ್ನು ಹಬ್ಬದೊಳಗೆ ತಂದುಕೊಡುವ ಮಾತಿನ ಮೇಲೆ ಮೂರನ್ನು ಮನೆಗೆ ಒಯ್ದೆ.

ಒಂದು ಪೆನ್ನಿನಷ್ಟು ಸಪೂರದ ಅಲ್ಯುಮಿನಿಯಂನದು. ಒಂದೇ ಪೆನ್ಸಿಲ್ ಸೆಲ್ಲು, ಹಿಂಬದಿಯಲ್ಲಿ ಗುಂಡಿ. ಬೆಳಕು ಕಿರಿದು, ದೂರ ಹೋಗುತ್ತದೆ. ಇನ್ನೊಂದು ಹೆಬ್ಬೆರಳಿನಷ್ಟು ಗಿಡ್ಡ, ಮೊಬೈಲಿನ ವೈರಿನಿಂದಲೇ ಚಾರ್ಜಾಗುವಂಥದು. ಅದರ ಬೆಳಕು ಅಗಲ, ಸ್ವಲ್ಪ ಹಳದಿ. ಕಾಲ ಬುಡದಿಂದ ಎರಡೂ ಬದಿಗೆ ಚಾಪೆ ಹಾಸಿದಂತೆ ಹರಡುತ್ತದೆ. ಮೂರನೆಯದು ಪ್ಲಾಸ್ಟಿಕ್ಕಿನದು, ಹಿಂದಿನ ಪಿನ್ನು ಹೊರಗೆಳೆದು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದು. ಅದು ಮೂಲೆಮೂಲೆಯ ಮನೆಗಳಲ್ಲೂ ಇರುತ್ತದೆ, ಬೆಳಕು ನೀಲಿ ಛಾಯೆಯ ಬಿಳಿ. ಆ ನೀಲಿ ಬಿಳಿಯಲ್ಲಿ ಟೇಕಡಿಯ ಗರಸು ಮಣ್ಣು ಚಪ್ಪಟೆಯಾಗಿ ಕಾಣುತ್ತದೆ; ಕಲ್ಲು ಯಾವುದು, ಅದರ ನೆರಳು ಯಾವುದು ಎಂದು ತಿಳಿಯುವುದಿಲ್ಲ. ಹಾಗಾಗಿ ಅದು ಮೊದಲೇ ಸ್ಪರ್ಧೆಯಿಂದ ಹೊರಬಿತ್ತು.

ಉಳಿದ ಎರಡರಲ್ಲಿ ಅಕ್ಕನಿಗೆ ಅಗಲ ಬೆಳಕಿನದೇ ಸರಿ ಎಂದು ನಾನು ತೀರ್ಮಾನಿಸಿದ್ದೆ. ಅವಳ ಒಪ್ಪಿಗೆಯನ್ನೂ ಪಡೆದರೆ ಕೆಲಸ ಮುಗಿಯುತ್ತಿತ್ತು. ಗುರುವಾರ ನಮ್ಮ ಭಾಗದಲ್ಲಿ ರಿಪೇರಿಗೆಂದು ಕರೆಂಟು ತೆಗೆಯುತ್ತಾರೆ. ಅವತ್ತು ಅಕ್ಕನ ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗು ಹಗಲಲ್ಲೇ ಕಗ್ಗತ್ತಲು. ಅಲ್ಲಿಗೆ ಅವಳನ್ನು ಕರೆದುಕೊಂಡು ಹೋದೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಸೊಸೆ, ಇಂಟರ್ನೆಟ್ ಇಲ್ಲದೆ ಬೇಸತ್ತು ನಮ್ಮ ಹಿಂದೆಯೇ ಇಳಿದು ಬಂದಳು.

ಮೊದಲು ಸಪೂರದ್ದನ್ನು ಅಕ್ಕನ ಕೈಗೆ ಕೊಟ್ಟೆ. ಅದು ಎದುರಿನ ಕಂಬದ ಮೇಲಿನ ಅಂಕಿಯನ್ನು ತೋರಿಸಿತು, ಅಷ್ಟೇ. ಆಮೇಲೆ ಗಿಡ್ಡದ್ದು. ಎಡಕ್ಕೆ ಸ್ಕೂಟರುಗಳ ಸಾಲು, ಬಲಕ್ಕೆ ನೀರಿನ ಕೊಳವೆ, ಮೂಲೆಯಲ್ಲಿ ಯಾರೋ ಬಿಟ್ಟ ಮಗುವಿನ ಸೈಕಲ್ಲು, ಎಲ್ಲವೂ ಒಮ್ಮೆಗೇ ಎದ್ದು ಬಂದವು.

"ಯಾವುದು ಬೇಕು?"

"ಎರಡೂ ಒಂದ ಅದಾವ," ಅಂದಳು ಅಕ್ಕ. "ಇದು ಸ್ವಲ್ಪ ಮಂದ ಅನಸ್ತದ."

"ಒಂದೇನಾ?" ಸೊಸೆ ನಕ್ಕಳು. "ಅತ್ತೆ, ಇದ್ರಲ್ಲಿ ಇಡೀ ಪಾರ್ಕಿಂಗ್ ಕಾಣಿಸ್ತಿದೆ."

"ನಿನಗ ಎಲ್ಲಾ ದೊಡ್ಡದಾಗೇ ಕಾಣ್ತದ ಬಿಡವಾ. ನನ್ನ ತಪ್ಪೂ ಹಂಗ ಕಾಣ್ತಾವ."

ಇಬ್ಬರೂ ನಗುತ್ತ ಮೆಟ್ಟಿಲು ಹತ್ತಿದರು. ನಾನು ಅಲ್ಲೇ ನಿಂತು ಎರಡನ್ನೂ ಮತ್ತೆ ಮತ್ತೆ ಹಚ್ಚಿದೆ. ಆರಿಸಿದೆ, ಹಚ್ಚಿದೆ. ಅವು ಒಂದೇ ಆಗಿರಲಿಲ್ಲ. ಯಾರ ಕಣ್ಣಿಗೂ ಒಂದೇ ಆಗಿ ಕಾಣುವಂಥವಲ್ಲ.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಪಕೀರ ಗಲ್ಲಿಗೆ ಮತ್ತೆ ಹೋದೆ, ಇನ್ನೂ ಅಗಲ ಬೆಳಕಿನದು ಉಂಟೇ ಎಂದು ಕೇಳಿದೆ, ಸಿಕ್ಕದ್ದನ್ನು ಕೈಯಲ್ಲಿ ತಿರುಗಿಸಿ ಅಲ್ಲೇ ಇಟ್ಟು ಬಂದೆ. ಮನೆಗೆ ಬಂದು ಪರದೆ ಎಳೆದು ಗೋಡೆಗೆ ಬೆಳಕು ಬಿಟ್ಟು ಕಣ್ಣು ಕಿರಿದು ಮಾಡಿ ನೋಡಿದೆ. ನಾನು ಹುಡುಕುತ್ತಿದ್ದದ್ದು ಬ್ಯಾಟರಿಯ ದೋಷವನ್ನು. ಅದು ಸಿಕ್ಕಿದ್ದರೆ ಒಳ್ಳೆಯದಿತ್ತು. ಅಕ್ಕನ ಕಣ್ಣಿನ ಮೇಲೆ ಅನುಮಾನ ಎಂದು ಸೊಸೆಗೆ ಹೇಳಿದರೆ ಅವಳ ಟೇಕಡಿ ಅದೇ ದಿನ ನಿಲ್ಲುತ್ತದೆ. ಹೇಳದಿದ್ದರೆ ಮರುದಿನ ಬೆಳಿಗ್ಗೆ ಅವಳು ಮತ್ತೆ ಅದೇ ಕತ್ತಲಿಗೆ ಹೋಗುತ್ತಾಳೆ. ಮತ್ತು ನನ್ನ ಹತ್ತಿರ ಇದ್ದದ್ದು ಒಂದು ಗುಮಾನಿ ಮಾತ್ರ. ಒಂದೇ ಮೂಲದ ಸುದ್ದಿಯನ್ನು ನಾವು ಅಚ್ಚಿಗೆ ಬಿಡುತ್ತಿರಲಿಲ್ಲ.

ಹಾಗಾಗಿ ಒಂದು ಬೆಳಿಗ್ಗೆ ಅಕ್ಕನ ಜೊತೆ ನಾನೂ ಹೊರಟೆ. "ಅಂತೂ ನಿನಗ ಬುದ್ಧಿ ಬಂತು, ಹೊಟ್ಟಿ ಕರಗಲಿ," ಅಂದಳು. ಕ್ಯಾನನ್ನು ನನ್ನ ಕೈಗೆ ಕೊಡಲಿಲ್ಲ. ಗಿಡ್ಡ ಬ್ಯಾಟರಿ ಅವಳ ಕೈಯಲ್ಲಿತ್ತು. ದಾರಿಯುದ್ದಕ್ಕೂ ಸೊಸೆಯ ಇಡ್ಲಿಯ ಬಗ್ಗೆ ದೂರು ಹೇಳಿದಳು. ಎಡಬದಿಯಲ್ಲಿ ಒಬ್ಬ ಹೆಂಗಸು ನಿಂತು ಬೂಟಿನ ದಾರ ಕಟ್ಟುತ್ತ ಮರಾಠಿಯಲ್ಲಿ ನಮಸ್ಕಾರ ಹೇಳಿದಳು. ಬೆಳಕು ಅವಳ ಮೇಲೆಯೇ ಬಿದ್ದಿತ್ತು. ಅಕ್ಕ ನೇರ ನಡೆಯುತ್ತಲೇ ದನಿ ಬಂದ ಕಡೆಗೆ "ನಮಸ್ಕಾರ, ನಮಸ್ಕಾರ" ಎಂದಳು. ಯಾರೆಂದು ಕೇಳಿದೆ. "ಯಾರೋ ಕತ್ತಲಾಗ ನಿಂತಿದ್ರು" ಅಂದಳು.

ನಾನು ಮಾತು ನಿಲ್ಲಿಸಿ ಅವಳ ಎಡಕ್ಕೆ ಸರಿದು, ಒಂದು ಮಾರು ದೂರದಲ್ಲಿ, ಬೆಳಕಿನೊಳಗೇ ನಡೆದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ನಿಂತಳು. "ತಮ್ಮಾ? ಎಲ್ಲಿ ಉಳದಿ?" ಹಿಂದಕ್ಕೆ ತಿರುಗಿ ಕರೆದಳು. "ಇಲ್ಲೇ ಅದೀನಿ ಅಕ್ಕಾ," ಅಂದಾಗ ಬೆಚ್ಚಿದಳು.

ಮೇಲೆ ತಲುಪಿ ಬೇವಿಗೆ ನೀರು ಹಾಕಿದ ಮೇಲೆ ಅವಳಿಗೆ ಹೇಳಿದೆ. ಬೇರೆ ಯಾರಿಗೂ ಮೊದಲಲ್ಲ, ಅವಳಿಗೇ. ಸುತ್ತುಬಳಸದೆ ಹೇಳಿದೆ: ಎರಡು ಬ್ಯಾಟರಿ ಒಂದೇ ಅಲ್ಲ, ನಡುವಿನದು ನಿನಗೆ ಕಾಣುತ್ತದೆ, ಬದಿಯದು ಕಾಣುತ್ತಿಲ್ಲ, ಬೆಂಚು ತಾಗಿದ್ದೂ ಅದಕ್ಕೇ.

ಅವಳು ಕ್ಯಾನಿನ ಮುಚ್ಚಳ ತಿರುವುತ್ತ ಕೂತಳು. ಪೂರ್ವದಲ್ಲಿ ಕಟ್ಟಡಗಳ ನಡುವೆ ಬೆಳಕು ಬರುತ್ತಿತ್ತು.

"ಈಗಿನ ಲೈಟೇ ಹಿಂಗ ಅನಕೊಂಡಿದ್ದೆ," ಅಂದಳು. "ರಸ್ತೇದ್ದೂ ಹಂಗ, ಮನಿಯಾಂದೂ ಹಂಗ. ಎಲ್ಲಾ ಎಲ್‌ಇಡಿ ಮಾಡಿ ನಡುವ ಒಂದ ಕಡೆ ಬೆಳಕು ಬಿಡ್ತಾರ ಅಂತ."

"ಎಷ್ಟು ದಿನದಿಂದ?"

"ಯಾರು ಲೆಕ್ಕ ಇಟ್ಟಾರ. ಹಬ್ಬ ಆಗಲಿ ತಡಿ. ಆಮ್ಯಾಲ ತೋರ್ಸೋಣು."

"ಇಲ್ಲ. ಇವತ್ತ ಹೋಗೋಣು."

"ನೀ ಸೊಸೀಗಿಂತ ಜೋರ ಆದಿ," ಅಂದಳು. ಇಳಿಯುವಾಗ ನನ್ನ ಮೊಣಕೈ ಹಿಡಿದುಕೊಂಡಳು. ಮೊದಲ ಸಲ ಕ್ಯಾನು ನನ್ನ ಕೈಗೆ ಬಂತು.

ಕಣ್ಣಿನ ಡಾಕ್ಟರು ಯಂತ್ರದೊಳಗೆ ಗದ್ದ ಇಡಿಸಿ, ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅಕ್ಕ ತುಂಬ ಹೊತ್ತು ಒತ್ತದೆ ಕಾದು ಕೂತಿರುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆ, ಗ್ಲಾಕೋಮಾ ಎಂದರು. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ದಿನವೂ ಹನಿ ಹಾಕಬೇಕು. ಅಕ್ಕ ಒಂದೇ ಪ್ರಶ್ನೆ ಕೇಳಿದಳು, ಮರಾಠಿಯಲ್ಲಿ: ಟೇಕಡಿಗೆ ಹೋಗಬಹುದೇ? ಕತ್ತಲಲ್ಲಿ ಬೇಡ, ಯಾವ ಬ್ಯಾಟರಿ ಹಿಡಿದರೂ ಬೇಡ. ಬೆಳಕು ಬಂದ ಮೇಲೆ, ತಲೆಯನ್ನು ಎರಡೂ ಕಡೆ ತಿರುಗಿಸಿ ನೋಡುತ್ತ ಹೋಗಿ ಎಂದರು ಡಾಕ್ಟರು.

ಬೆಳಕು ಬಂದ ಮೇಲೆ ಎಂದರೆ ಡಬ್ಬಿಯ ಹೊತ್ತು. ಆ ಸಂಜೆ ಊಟದ ಮೇಜಿನಲ್ಲಿ ಎಲ್ಲವನ್ನೂ ಹೇಳಿ ಆದ ಮೇಲೆ ಸೊಸೆ ಅತ್ತಳು. ಬೆಂಚಿನ ದಿನವೇ ತನಗೆ ಹೊಳೆಯಬೇಕಿತ್ತು ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು, "ಆಯ್ತು ಅತ್ತೆ, ಇನ್ಮೇಲೆ ಮನೇಲೇ ಟ್ರೆಡ್‌ಮಿಲ್..." ಎಂದು ಶುರು ಮಾಡಿದಳು.

"ತಡಿ," ಅಂದಳು ಅಕ್ಕ. ದನಿ ಏರಿಸಲಿಲ್ಲ. "ನಾ ಇಷ್ಟು ದಿನ ಕತ್ತಲಾಗ ಹೋದದ್ದು ನನಗ ಕತ್ತಲಿ ಸೇರ್ತದಂತ ಅಲ್ಲ. ಬೆಳಕಿಂದೆಲ್ಲಾ ನಿಮಗ ಬೇಕಾಗಿತ್ತು. ಈಗ ಕತ್ತಲಿ ನನಗ ಆಗೂದಿಲ್ಲ. ಬೆಳಕಿನಾಗಿಂದ ಒಂದು ತಾಸು ನನಗ ಕೊಡ್ರಿ."

ಮಗ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ಪಾಳಿ ಬದಲಿಸಲು ಆಗುವುದಿಲ್ಲ ಎಂದ, ಆದರೆ ಹೊರಡುವ ಮೊದಲು ಕುಕ್ಕರು ಇಟ್ಟು ತರಕಾರಿ ಹೆಚ್ಚುತ್ತೇನೆ ಎಂದ. ಸೊಸೆ ಡಬ್ಬಿಯನ್ನೂ ಬಸ್ಸನ್ನೂ ತಾನು ನೋಡಿಕೊಂಡು ಒಂದು ತಾಸು ತಡವಾಗಿ ಹೊರಡುವುದಾಗಿ ಹೇಳಿದಳು. ಹಿಂಜವಡಿಯ ದಾರಿಯಲ್ಲಿ ವಾಕಡದ ಚೌಕದಲ್ಲಿ ಆ ಹೊತ್ತಿಗೆ ಗಾಡಿ ತೆವಳುವುದೂ ಇಲ್ಲ ಎಂದು ಗೊಣಗಿದಳು. ಗೊಣಗುತ್ತಲೇ ಮೊಬೈಲಿನಲ್ಲಿ ಅಲಾರಂ ಬದಲಿಸಿದಳು.

ಭಾವುಬೀಜದಂದು ನಾನು ಸೀರೆಯನ್ನೇ ಇಟ್ಟೆ. ಅಕ್ಕ ಹೊಗಳಿ ಒಳಗಿಟ್ಟಳು.

ಈಗ ಅವಳು ಏಳಕ್ಕೆ ಹೊರಡುತ್ತಾಳೆ. ಟೇಕಡಿಯ ಬಗ್ಗೆ ನನಗೆ ಚಿಂತೆಯಿಲ್ಲ. ಬೆಳಕಿನಲ್ಲಿ ಅವಳಿಗೆ ಅಲ್ಲಿನ ಕಲ್ಲುಕಲ್ಲೂ ಗೊತ್ತು. ಆದರೆ ಅದಕ್ಕೂ ಮೊದಲು ದೊಡ್ಡ ರಸ್ತೆ ದಾಟಬೇಕು. ಐದೂವರೆಗೆ ಅದು ಖಾಲಿ ಇರುತ್ತಿತ್ತು. ಏಳಕ್ಕೆ ಶಾಲೆಯ ಬಸ್ಸುಗಳು, ಹಾಲಿನ ಟೆಂಪೋಗಳು, ರಾಂಗ್ ಸೈಡಿನಿಂದ ನುಗ್ಗುವ ಸ್ಕೂಟರುಗಳು. ಇದನ್ನು ಡಾಕ್ಟರೂ ಹೇಳಲಿಲ್ಲ, ನಮಗೂ ಆ ಸಂಜೆ ಹೊಳೆಯಲಿಲ್ಲ. ದಾಟಿಸಲು ನಾನು ಬರುತ್ತೇನೆಂದರೆ ಅವಳು ಒಪ್ಪುವುದಿಲ್ಲ. "ಕೇಳಿ ತಗೊಂಡ ತಾಸು ಇದು. ಇದರಾಗ ನೀ ಪಾಲು ಕೇಳಬ್ಯಾಡ" ಎನ್ನುತ್ತಾಳೆ. ಹಾಗಾಗಿ ನಾನು ಎದುರಿನ ಚಹಾದ ಅಂಗಡಿಯಲ್ಲಿ ನಿಲ್ಲುತ್ತೇನೆ. ಅವಳು ಫುಟ್‌ಪಾತಿನ ಅಂಚಿಗೆ ಬರುತ್ತಾಳೆ, ಕ್ಯಾನನ್ನು ಕೆಳಗಿಡುತ್ತಾಳೆ, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸುತ್ತಾಳೆ, ಪೂರ್ತಿ ಬಲಕ್ಕೆ, ಮತ್ತೆ ಎಡಕ್ಕೆ. ಕ್ಯಾನು ಎತ್ತಿಕೊಂಡು ಹೆಜ್ಜೆ ಹಾಕುತ್ತಾಳೆ. ಆಚೆ ಬದಿ ಮುಟ್ಟುವ ತನಕ ನನ್ನ ಚಹಾ ಹಾಗೆಯೇ ಇರುತ್ತದೆ.