ಲಮೂಸಾಳ ಅಲಸಂದೆ ಡಬ್ಬಗಳು

ಲಮೂಸಾ ನಮ್ಮ ಪಕ್ಕದ ಮನೆಯವಳು. ನಮ್ಮ ಮೋಸ್ಸಿ ಜನರ ಮನೆಗಳಲ್ಲಿ ಸಜ್ಜೆಯ ಕಣಜ ಗಂಡಸರದು, ಹೆಂಗಸರು ನಾವು ಕೈ ಹಾಕುವಂತಿಲ್ಲ. ಅಲಸಂದೆ ಮಾತ್ರ ಅವಳದೇ ಹೊಲದ್ದು, ಅವಳದೇ ದುಡಿಮೆ. ಆದರೆ ಮಳೆ ಹತ್ತಿರವಾಗಿ ಕಾಳಿಗೆ ಒಳ್ಳೆಯ ಬೆಲೆ ಬರುವ ಹೊತ್ತಿಗೆ ಮಡಕೆಯಲ್ಲಿ ಉಳಿಯುತ್ತಿದ್ದದ್ದು ತೂತು ಬಿದ್ದ ಕಾಳು, ಪುಡಿ, ಹುಳು.

ಈ ಹುಳು ಬರುವುದಾದರೂ ಎಲ್ಲಿಂದ ಎಂಬುದು ಅವಳ ತಲೆ ತಿನ್ನುತ್ತಿತ್ತು. ಪಕ್ಕದವರ ಕಣ್ಣು ಬಿದ್ದು ಬರುತ್ತದೆ ಎಂದಳು ಅವಳ ಅತ್ತೆ ಕಿಬ್ಸಾ. ಪಕ್ಕದವಳು ನಾನೇ ಆದ್ದರಿಂದ ನನಗೂ ತಿಳಿಯುವ ಆಸೆಯಾಯಿತು.

ಸುಗ್ಗಿಯಲ್ಲಿ ಇಬ್ಬರೂ ಹೊಲದಲ್ಲೇ ಕೂತು ಒಣಗಿದ ಕಾಯಿಗಳನ್ನು ಬಿಸಿಲಿಗೆ ಹಿಡಿದು ನೋಡಿದೆವು. ಸಿಪ್ಪೆಯ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳಿದ್ದವು, ಹುಳುವಿನ ಮೊಟ್ಟೆಯಂತೆ. ಲಮೂಸಾ ಅಂಥ ಕಾಯಿಗಳನ್ನೇ ಬಿಡಿಸಿ ಎರಡು ಶೀಶೆಗೆ ತುಂಬಿದಳು. ಒಂದರ ಬಾಯಿಗೆ ತೆಳು ಬಟ್ಟೆ, ಇನ್ನೊಂದಕ್ಕೆ ಬಿಗಿ ಮುಚ್ಚಳ. ಕೆಲವು ವಾರಗಳಲ್ಲಿ ಬಟ್ಟೆಯ ಶೀಶೆ ಹುಳುವಿನಿಂದ ಗಿಜಿಗುಟ್ಟಿತು. ಮುಚ್ಚಳದ್ದರಲ್ಲಿ ನಾಲ್ಕಾರು ಹುಳು ಸತ್ತುಬಿದ್ದಿದ್ದವು, ಅಷ್ಟೇ.

"ನೋಡ್ದ್ಯಾ, ಹೊಲದಿಂದ್ಲೇ ನಮ್ ಬುಟ್ಟೀಲಿ ಕೂತು ಮನೇಗ್ ಬರ್ತವೆ. ಗಾಳಿ ಸಿಗ್ದಿದ್ರೆ ಸಾಯ್ತವೆ" ಎಂದಳು. ನಾನು ಆರೋಪದಿಂದ ಪಾರಾದೆ.

ಮರುವರ್ಷ ಅವಳು ಎಣ್ಣೆಯ ಎರಡು ಪ್ಲಾಸ್ಟಿಕ್ ಡಬ್ಬ ತೊಳೆದು ಒಣಗಿಸಿ, ಗರಿಗರಿ ಒಣಗಿದ ಕಾಳನ್ನು ಕುತ್ತಿಗೆವರೆಗೂ ತುಂಬಿ, ಮುಚ್ಚಳದಡಿ ಸೈಕಲ್ ಟ್ಯೂಬಿನ ತುಂಡಿಟ್ಟು ಬಿಗಿದಳು. ಒಂದನ್ನು ತನ್ನ ಕೋಣೆಯಲ್ಲಿಟ್ಟಳು, ಇನ್ನೊಂದನ್ನು ಅತ್ತೆಯ ಗುಡಿಸಲಲ್ಲಿ. ಬೂದಿ ಬೆರೆಸದೆ ಕಾಳು ಉಳಿದದ್ದನ್ನು ತಾನು ಕಂಡಿಲ್ಲ ಎಂದು ಕಿಬ್ಸಾ ಗೊಣಗಿದಳು.

ಮೋಡ ಕಟ್ಟುವ ಕಾಲಕ್ಕೆ ಎರಡನ್ನೂ ತೆರೆದೆವು. ಲಮೂಸಾಳ ಕೋಣೆಯದ್ದರಲ್ಲಿ ಕಾಳು ಹೊಸದರಂತೆ ನುಣ್ಣಗಿತ್ತು. ಅತ್ತೆಯ ಗುಡಿಸಲಿನದರಲ್ಲಿ ಬರೀ ಹುಳು. ಒಂದೇ ಹೊಲದ ಕಾಳು, ಒಂದೇ ಬಿಸಿಲು ಕಂಡದ್ದು. ಲಮೂಸಾಳಿಗೆ ಬಗೆಹರಿಯಲಿಲ್ಲ. ಅತ್ತೆಯ ಡಬ್ಬ ಖಾಲಿ ಮಾಡಿ, ಮುಚ್ಚಳ ಬಿಗಿದು ನೀರಲ್ಲಿ ಅದುಮಿ ತೂತು ಹುಡುಕಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಟ್ಯೂಬಿನ ತುಂಡನ್ನು ಎಳೆದೆಳೆದು ನೋಡಿದಳು. ಕಿಬ್ಸಾ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಹುಡುಕಿದ್ದು ಸಾಕ್ ಬಿಡೇ. ಹುಳ ಸತ್ವೋ ಇಲ್ವೋ ಅಂತ ನಾನೇ ದಿನಾ ಮುಚ್ಚಳ ತೆಗ್ದು ನೋಡ್ತಿದ್ದೆ."

"ದಿನಾನಾ, ಅತ್ತೆ?"

"ಯಾಕೆ, ನೋಡೋ ಆಸೆ ನಿಂಗೊಬ್ಳಿಗೇನಾ ಇರೋದು?"

ಲಮೂಸಾಳಿಗೆ ಸಿಟ್ಟು ಬರಲಿಲ್ಲ, ನಗು ಬಂತು. ತೆರೆದಾಗಲೆಲ್ಲ ಹುಳುವಿಗೆ ಹೊಸ ಉಸಿರು ಸಿಕ್ಕಿದೆ. ಗಾಳಿಯ ಮಾತು ನಿಜವೆಂದು ಅತ್ತೆಯೇ ತೋರಿಸಿಕೊಟ್ಟಂತಾಯಿತು. ಹಾಳಾದ ಕಾಳು ಮೇಕೆಗಳ ಪಾಲಾಯಿತು. ಚೆನ್ನಾಗಿದ್ದದ್ದನ್ನು ಕಾಯಾ ಪಟ್ಟಣದ ಸಂತೆಗೆ ಹೊತ್ತೊಯ್ದು ಮಾರಿ, ಬರುವಾಗ ಮತ್ತಷ್ಟು ಖಾಲಿ ಡಬ್ಬ ತಂದಳು. ತನ್ನ ಗುಡಿಸಲಿಗೆ ಮಾತ್ರ ಒಂದೂ ಬೇಡ ಎಂದಳು ಕಿಬ್ಸಾ, ಕೈ ಸುಮ್ಮನಿರುವುದಿಲ್ಲವಂತೆ.