ಬಾಣಲೆಯ ಎಡಗಿವಿಯ ಎರಡು ರಿವಿಟ್ಟು

ನಮ್ಮ ಮನೆಯ ಕಬ್ಬಿಣದ ಬಾಣಲೆಗೆ ಎರಡು ಕಿವಿ, ಎಡಗಿವಿಗೆ ಎರಡು ರಿವಿಟ್ಟು. ಇದು ಲೋಕಕ್ಕೆ ಸಾರಬೇಕಾದ ಸಂಗತಿಯಲ್ಲವೆಂದು ನನಗೂ ಗೊತ್ತು. ಆದರೂ ಮಿರ್ಚಿ ಕರಿಯುವ ಸಂಜೆ, ಎಣ್ಣೆಗೆ ಬಿಸಿ ಹತ್ತುವ ತನಕ ಬೇರೇನೂ ಕೆಲಸವಿಲ್ಲದೆ ಆ ಕಿವಿಯನ್ನೇ ದಿಟ್ಟಿಸಿದರೆ ನಿಮಗೂ ಒಂದು ವೈಚಿತ್ರ್ಯ ಕಂಡೀತು. ಒಂದು ರಿವಿಟ್ಟು ಯಾರೋ ಜಗಿದು ಉಗಿದ ಅಡಿಕೆಯ ಹಾಗೆ ಸೊಟ್ಟಗಿದೆ. ಇನ್ನೊಂದು ಬಟಾಣಿ ಕಾಳಿನಂತೆ ದುಂಡಗೆ, ನುಣ್ಣಗೆ, ಪರಮ ಆತ್ಮತೃಪ್ತಿಯಿಂದ ಕೂತಿದೆ. ಇವೆರಡರ ನಡುವಿನ ಅಂತರ ಎರಡು ಬೆರಳು. ಅಷ್ಟೇ ಜಾಗದಲ್ಲಿ ನನ್ನ ಐದು ತಿಂಗಳ ಹೊಟ್ಟೆಕಿಚ್ಚು ಅಡಗಿ ಕೂತಿದೆ.

ನಾನು ಚನ್ನಗಿರಿಯ ಟೈಪ್‌ರೈಟಿಂಗ್ ತರಗತಿಯೊಂದರಲ್ಲಿ ಬೆಳಿಗ್ಗೆ, ಸಂಜೆ ಕಲಿಯುವವರ ಬೆರಳು ತಿದ್ದುವವನು. ಮಧ್ಯಾಹ್ನ ಬಿಡುವು. ಆ ಬಿಡುವಿನಲ್ಲಿ ಹಿತ್ತಿಲಿನ ಒಡೆದ ಬಾನಿಯೊಂದನ್ನು ಕುಲುಮೆ ಮಾಡಿ, ಗಾಳಿ ಊದಲು ಕೈಯಲ್ಲಿ ತಿರುಗಿಸುವ ಹಳೆಯ ಯಂತ್ರವೊಂದನ್ನು ಜೋಡಿಸಿ, ರೈಲುಕಂಬಿಯ ತುಂಡೊಂದಕ್ಕೆ ಕಬ್ಬಿಣ ಬಡಿಯುವ ಅಡಿಗಲ್ಲೆಂದು ನಾಮಕರಣ ಮಾಡಿ, ಗುರುವೂ ನಾನೇ ಶಿಷ್ಯನೂ ನಾನೇ ಆದ ಒಂದು ಪರಂಪರೆಯನ್ನು ಸ್ಥಾಪಿಸಿದ್ದೆ. ಈ ಪರಂಪರೆಯ ಅನುಕೂಲವೇನೆಂದರೆ ಗುರು ಎಂದೂ ಶಿಷ್ಯನನ್ನು ಬೈಯುವುದಿಲ್ಲ, ಅನಾನುಕೂಲವೂ ಅದೇ.

ಬಾಣಲೆಯ ಕಿವಿ ಅಲ್ಲಾಡತೊಡಗಿದಾಗ ಅಮ್ಮ ಮೊದಲು ಹೇಳಿದ್ದು ನನಗೇ. ಈ ಅಂಶವನ್ನು ನೀವು ಮರೆಯಬಾರದು. ನಾನು ಹಳೆಯ ರಿವಿಟ್ಟು ಕಿತ್ತು, ಹೊಸದನ್ನು ತೂತಿಗೆ ತೂರಿಸಿ, ಬರಿಯ ಸುತ್ತಿಗೆಯಿಂದ ಅದರ ತಲೆಯನ್ನು ಚಚ್ಚಿದೆ. ಅದು ಒಂದು ಪಕ್ಕಕ್ಕೆ ವಾಲಿತು. ವಾಲಿದ್ದನ್ನು ತಿದ್ದಲು ಇನ್ನೊಂದು ಪಕ್ಕದಿಂದ ಬಡಿದೆ; ಆ ರಭಸಕ್ಕೆ ಪಕ್ಕದಲ್ಲಿ ತನ್ನ ಪಾಡಿಗೆ ತಾನಿದ್ದ ಎರಡನೆಯ ರಿವಿಟ್ಟು ಉದುರಿತು, ನನ್ನದು ಸೊಟ್ಟಗೇ ಉಳಿಯಿತು. ಅಮ್ಮ ಬಾಣಲೆಯನ್ನು ಮೊಳೆಗೆ ತೂಗುಹಾಕಿದರು, ಅಷ್ಟೇ.

ದೀಪಾವಳಿಗೆ ಹೊನ್ನಾಳಿಯಿಂದ ಅಕ್ಕ, ಭಾವ ಬಂದರು. ಭಾವ ಬಸ್ಸುಗಳ ಶೆಡ್ಡಿನಲ್ಲಿ ಮೆಕ್ಯಾನಿಕ್ಕು. ಮಿತಭಾಷಿ, ಮಿತಾಹಾರಿ, ಹೋಳಿಗೆಯನ್ನು ಎರಡೇ ಸಾಕೆನ್ನುವ ಮನುಷ್ಯ. ಅಂಥವರನ್ನು ದ್ವೇಷಿಸುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಬಾಣಲೆ ನೋಡಿದವರೇ ತಮ್ಮ ಚೀಲದಿಂದ ಬೆರಳುದ್ದದ ಉಕ್ಕಿನ ತುಂಡೊಂದನ್ನು ತೆಗೆದರು. ಅದರ ಒಂದು ತುದಿ ಚಪ್ಪಟೆ; ಇನ್ನೊಂದು ತುದಿಯಲ್ಲಿ ಅರ್ಧ ಬಟಾಣಿ ಕೂರುವಷ್ಟು ನುಣುಪಾದ ಗುಳಿ. ಉದುರಿದ್ದರ ಜಾಗಕ್ಕೆ ಹೊಸ ರಿವಿಟ್ಟು ತೂರಿಸಿ, ತಲೆಯನ್ನು ಮೊದಲು ಸುತ್ತಿಗೆಯಿಂದ ಕೊಂಚ ಹರಡಿ, ಅದರ ಮೇಲೆ ಆ ಗುಳಿಯನ್ನು ಕೂರಿಸಿ, ಅಚ್ಚನ್ನು ಬೆರಳಲ್ಲಿ ತಿರುಗಿಸುತ್ತ ನಾಲ್ಕು ಏಟು ಹಾಕಿ ಎತ್ತಿದರೆ, ಕೆಳಗೊಂದು ಪರಿಪೂರ್ಣ ಅರ್ಧಗೋಳ!

"ಈ ಅಚ್ಚು ಎಲ್ಲಿ ಸಿಗ್ತೈತೆ ಭಾವ?" ಎಂದೆ.

"ಸಿಗಲ್ಲಪ್ಪಾ. ನಾನೇ ಮಾಡ್ಕಂಡಿದ್ದು," ಎಂದರು, ಪಂಚೆ ತಾವೇ ಉಟ್ಟುಕೊಂಡೆ ಎಂಬಷ್ಟೇ ಸಹಜವಾಗಿ.

ಕೊಂಡದ್ದಾಗಿದ್ದರೆ ನಾನು ಕ್ಷಮಿಸುತ್ತಿದ್ದೆ.

ಅಂದಿನಿಂದ ನಮ್ಮ ಅಡುಗೆಮನೆ ಯಾತ್ರಾಸ್ಥಳವಾಯಿತು. ಪಕ್ಕದ ಮನೆಯ ಗೌರಮ್ಮನವರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೂ ಅಮ್ಮ ಬಾಣಲೆ ಇಳಿಸುತ್ತಿದ್ದರು. "ನಮ್ಮ ಅಳಿಯಂದಿರು ಹೊಡೆದಿದ್ದು ಕಣ್ರೀ, ಹೆಂಗೈತೆ ನೋಡ್ರಿ, ಮುತ್ತಿದ್ದಂಗೆ! ಪಕ್ಕದಾಗೆ ಐತಲ್ಲ ಸೊಟ್ಟದ್ದು, ಅದು ನಮ್ಮ ಹುಡುಗಂದು." ಭಾವನ ಗೋಳದ ನೆತ್ತಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದಿತ್ತು. ಅಮ್ಮ ಅದನ್ನೂ ಬೆರಳಿಟ್ಟು ತೋರಿಸಿ "ಅದು ಅವ್ರ ಗುರುತು" ಎನ್ನುತ್ತಿದ್ದರು. ನನಗೆ ಆ ಗೆರೆಯ ಮೇಲೂ ಅಸೂಯೆ. ಒಬ್ಬ ಮನುಷ್ಯ ಅಷ್ಟು ಚಿಕ್ಕ ಕಬ್ಬಿಣದ ಮೇಲೆ ಸಹಿ ಹಾಕುವುದೆಂದರೆ!

ಹಬ್ಬ ಮುಗಿದ ಮೇಲೆ ನಾನೂ ಅಚ್ಚು ಮಾಡಲು ಕೂತೆ. ಮುರಿದ ಹಾರೆಯ ತುಂಡು ಸಿಕ್ಕಿತು, ಒಳ್ಳೆಯ ಉಕ್ಕು. ಆದರೆ ತುದಿಯಲ್ಲಿ ಆ ಗುಳಿ ಬರುವುದು ಹೇಗೆ? ಉಳಿಯಿಂದ ಕೆತ್ತಿದರೆ ಇಲಿ ಕಡಿದಂತಾಯಿತು. ಭಾವನಿಗೆ ಒಂದು ಕಾರ್ಡು ಬರೆದು ಕೇಳಬಹುದಿತ್ತು. ಕೇಳುವುದೆಂದರೆ ಒಪ್ಪಿಕೊಳ್ಳುವುದು, ಅದೊಂದನ್ನು ಬಿಟ್ಟು ಏನು ಮಾಡಲೂ ನಾನು ಸಿದ್ಧನಿದ್ದೆ. ಆಗ ಅಸೂಯೆಯೇ ನನಗೊಂದು ಉಪಾಯ ಹೇಳಿಕೊಟ್ಟಿತು: ಗುಳಿಯಿಂದ ಗೋಳ ಹುಟ್ಟುವುದಾದರೆ, ಗೋಳದಿಂದ ಗುಳಿ ಯಾಕೆ ಹುಟ್ಟಬಾರದು? ಭಾವನ ಗೋಳ ಬಾಣಲೆಯ ಮೇಲೆ ಸಿದ್ಧವಾಗಿಯೇ ಇದೆಯಲ್ಲ!

ಅಮ್ಮ ಗೌರಮ್ಮನವರ ಮನೆಗೆ ಶಾವಿಗೆ ಹೊಸೆಯಲು ಹೋದ ಮಧ್ಯಾಹ್ನ, ಬಾಣಲೆಯನ್ನು ಕಂಬಿಯ ಮೇಲೆ ಓರೆಯಾಗಿ ಇಟ್ಟು, ಕೆಂಪಗೆ ಕಾದ ಹಾರೆಯ ತುದಿಯನ್ನು ಭಾವನ ರಿವಿಟ್ಟಿನ ನೆತ್ತಿಗೆ ಹಚ್ಚಿ ಮೂರು ಏಟು ಹಾಕಿದೆ. ಎತ್ತಿ ನೋಡಿದರೆ ಉಕ್ಕಿನಲ್ಲಿ ಗುಳಿಯಿಲ್ಲ, ಒಂದು ಮಸಿಯ ಗುರುತು ಮಾತ್ರ. ಬಾಣಲೆಯಲ್ಲಿ ಗೋಳವೂ ಇಲ್ಲ. ಮುತ್ತು ರೊಟ್ಟಿಯಾಗಿತ್ತು. ಗೆರೆ, ಗುರುತು, ಅಳಿಯತನ ಎಲ್ಲವೂ ಚಪ್ಪಟೆ.

ಒಂದು ಕ್ಷಣ ನನಗೆ ಸಂತೋಷವಾಯಿತೆಂಬುದನ್ನು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಎರಡನೆಯ ಕ್ಷಣ ಅಮ್ಮನ ನೆನಪಾಯಿತು. ಹಬ್ಬದ ಕರಿದ ತಿಂಡಿ ಇನ್ನೂ ಡಬ್ಬಿಯಲ್ಲಿದ್ದುದರಿಂದ ಅಮ್ಮ ಸದ್ಯಕ್ಕೆ ಎಣ್ಣೆ ಕಾಯಿಸುವವರಲ್ಲ. ಬಾಣಲೆಯ ಎಡಗಿವಿಯನ್ನು ಗೋಡೆಗೆ ತಿರುಗಿಸಿ ಮೊಳೆಗೆ ಹಾಕಿದೆ. ಅಷ್ಟರಲ್ಲಿ ಶಾವಿಗೆ ಮುಗಿಸಿ ಬಂದ ಅಮ್ಮನ ಮಾತು: "ಬರೋ ಸೋಮವಾರ ಗೌರಮ್ಮನ ಮಗಳನ್ನ ನೋಡಾಕೆ ಬರ್ತಾರಂತೆ. ನಮ್ಮ ಬಾಂಡ್ಲಿ ಕೇಳ್ಯಾರೆ." ನನಗೆ ಉಳಿದದ್ದು ಆರು ದಿನ.

ಸಂತೇಬೆನ್ನೂರಿನ ಸಂತೆಯ ದಿನ ಅಲ್ಲಿನ ಕಮ್ಮಾರ ಮೌನೇಶಾಚಾರ್ರ ಮುಂದೆ ಮಸಿ ಮೆತ್ತಿದ ನನ್ನ ತುಂಡನ್ನಿಟ್ಟು ನಡೆದದ್ದನ್ನು ಹೇಳಿದೆ. ಅವರು ತಿದಿ ಒತ್ತುವುದನ್ನೇ ನಿಲ್ಲಿಸಿ ನಕ್ಕರು. "ಏನ್ ಟೈಪ್ ಮೇಷ್ಟ್ರೇ, ರಿವಿಟ್ಟಿನಿಂದ ಅಚ್ಚು ತೆಗೆಯಾಕೆ ಹೋಗಿದ್ರಾ? ಮಗನ ಹೊಟ್ಟೆಯಾಗೆ ಅಪ್ಪನ್ನ ಹುಡುಕಿದಂಗಾತಲ್ರೀ! ಅದು ಮೆತ್ತನೆ ಕಬ್ಬಿಣ. ಗುಂಡು ತಗಂಬರ್ರಿ, ಹಳೇ ಬೇರಿಂಗಿನ ಗುಂಡು. ಅದು ಯಾವ ಏಟಿಗೂ ಬಗ್ಗಲ್ಲ."

ಗುಜರಿಯವನ ರಾಶಿಯಲ್ಲಿ ಗುಂಡು ಸಿಕ್ಕಿತು. ಆಚಾರ್ರು ಅದು ಉರುಳದಂತೆ ಅಡಿಗಲ್ಲಿನ ಸಣ್ಣ ಕುಳಿಯಲ್ಲಿ ಕೂರಿಸಿ, ನನ್ನ ಹಾರೆತುಂಡನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು, ಗುಂಡಿನ ಮೇಲೆ ನಿಲ್ಲಿಸಿ ನನ್ನಿಂದಲೇ ಬಡಿಸಿದರು. ಬೆಣ್ಣೆಯಲ್ಲಿ ಬೆರಳೊತ್ತಿದ ಹಾಗೆ ಗುಳಿ ಮೂಡಿತು. "ಇನ್ನ ಗಟ್ಟಿಯಾಗಾಕೆ ನೀರಿಗೆ ಅದ್ದೋದು ನಿಮ್ಮ ಕೆಲಸ. ಕೆಂಪು ಕೊಂಚ ಮಂಕಾಗಾಕೆ ಬಿಡ್ರಿ. ಅವಸರ ಮಾಡಿದ್ರೆ ಸೀಳ್ತೈತೆ. ನಿಮ್ಮ ಮುಖ ನೋಡಿದ್ರೆ ಅವಸರದೋರಂಗೆ ಕಾಣ್ತೀರಿ."

ಆ ಕೊನೆಯ ಮಾತು ನನಗೆ ನಾಟಿತು. ಮನೆಗೆ ಬಂದು ಮತ್ತೆ ಕಾಯಿಸಿ, ಬಿಸಿಲಿಗೆ ಬೆನ್ನು ತಿರುಗಿಸಿ ನೆರಳಲ್ಲಿ ಹಿಡಿದು, ಕೆಂಪು ಮಂಕಾಗುವ ತನಕ ಉಸಿರು ಕಟ್ಟಿ ಕಾದು, ತುದಿಯನ್ನಷ್ಟೇ ಅದ್ದಿದೆ. ಉಜ್ಜಿ, ಪುನಃ ಮೆಲ್ಲಗೆ ಬಿಸಿ ಮಾಡಿ, ಉಕ್ಕಿನ ಮೇಲೆ ಒಣಹುಲ್ಲಿನಂಥ ಹಳದಿ ಬಣ್ಣ ತುದಿಗೆ ಹರಿದು ಬಂದಾಗ ತಣಿಸಿದೆ. ಗುಳಿಯಲ್ಲಿ ಒಂದು ಬಿರುಕಿಲ್ಲ. ಚಪ್ಪಟೆ ರಿವಿಟ್ಟನ್ನು ಕತ್ತರಿಸಿ ಕಿತ್ತು ಹೊಸದು ಹಾಕಿ, ಅಚ್ಚು ತಿರುಗಿಸುತ್ತ ಹೊಡೆದೆ. ಗೋಳ! ನನ್ನ ಕೈಯ ಮೊದಲ ಗೋಳ, ಭಾವನದಕ್ಕಿಂತ ನುಣುಪು.

ಆಗ ನೆನಪಾಯಿತು, ಗೆರೆ. ಗೆರೆಯಿಲ್ಲದಿದ್ದರೆ ಗುಟ್ಟು ಬಯಲಾಗುತ್ತದೆ. ಚೂಪಾದ ಅರದಿಂದ ಒಮ್ಮೆ ಎಳೆದರೆ ಸಾಕಿತ್ತು. ಅರ ಕೈಗೆತ್ತಿಕೊಂಡೆ, ಗೋಳದ ಮೇಲೆ ಇಟ್ಟೂ ಇಟ್ಟೆ. ಎಳೆಯಲಾಗಲಿಲ್ಲ. ನನ್ನ ಜನ್ಮದ ಮೊದಲ ಒಳ್ಳೆಯ ರಿವಿಟ್ಟಿಗೆ ಇನ್ನೊಬ್ಬರ ಸಹಿ ಹಾಕಲು ಕೈ ಬರಲಿಲ್ಲ.

ಸೋಮವಾರ ಬಾಣಲೆ ಗೌರಮ್ಮನವರ ಮನೆಗೆ ಹೋಗಿ ಬಂತು. ಅವರು ನೋಡಿದ್ದು ಹೊಳಪನ್ನು, ಗೆರೆಯನ್ನಲ್ಲ. "ನಿಮ್ಮ ಅಳಿಯ ಹೊಡೆದ ರಿವಿಟ್ಟು ದಿನದಿಂದ ದಿನಕ್ಕೆ ಹೊಳಿತೈತೆ ಕಣ್ರೀ," ಎಂದು ಅವರು ಹೊಗಳಿದರು. ಬಳಸಿ ಬಳಸಿ ಗೆರೆ ಸವೆಯಿತೆಂದುಕೊಂಡರೋ ಏನೋ, ಅಮ್ಮ ನನ್ನ ಸೊಟ್ಟ ರಿವಿಟ್ಟಿನ ಮೇಲೊಂದು, ನನ್ನ ದುಂಡು ರಿವಿಟ್ಟಿನ ಮೇಲೊಂದು ಬೆರಳಿಟ್ಟು, "ಕೈಗೂ ಕೈಗೂ ಎಷ್ಟು ಫರಕು ನೋಡ್ರಿ," ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನದೆಂದು ಹೇಳಬೇಕಾದರೆ ಭಾವನದನ್ನು ಹಾಳು ಮಾಡಿದ್ದನ್ನೂ ಹೇಳಬೇಕು. ನೀವಾಗಿದ್ದರೆ ಹೇಳುತ್ತಿದ್ದಿರೇನೋ. ನಾನು ನೀರು ಕುಡಿದು ಟೈಪಿಂಗಿಗೆ ಹೋದೆ.

ಯುಗಾದಿಗೆ ಭಾವ ಬಂದರು. ಅಮ್ಮ ಮಿರ್ಚಿಗೆ ಹಿಟ್ಟು ಕಲಸುತ್ತಿದ್ದಾಗ ಅವರು ಬಾಣಲೆಯನ್ನು ಕೈಗೆತ್ತಿಕೊಂಡು, ಅಭ್ಯಾಸದಿಂದೆಂಬಂತೆ ಹೆಬ್ಬೆರಳಿನಿಂದ ರಿವಿಟ್ಟಿನ ನೆತ್ತಿಯನ್ನು ಸವರಿದರು. ಹೆಬ್ಬೆರಳು ನಿಂತಿತು. ಇನ್ನೊಮ್ಮೆ ಸವರಿತು. ನನ್ನ ಕಡೆ ನೋಡಿ, ಬಾಣಲೆ ಕೆಳಗಿಟ್ಟು, ಸೀದಾ ಹಿತ್ತಿಲಿಗೆ ನಡೆದರು. ನಾನೂ ಹಿಂದೆ ಹೋದೆ.

"ಅಚ್ಚು ತೋರ್ಸು," ಎಂದರು. ಗುಳಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಒಂದ್ ಸೀಳಿಲ್ಲ. ನಾನು ನಾಲ್ಕು ಮಾಡಿದೆ ಕಣಪ್ಪಾ. ನೀರಿಗೆ ಹಾಕಿದ್ರೆ ನಾಲ್ಕೂ ಸೀಳಿದ್ವು. ಕಮ್ಮಿ ಸೀಳಿದ್ದನ್ನ ಇಟ್ಕಂಡೀನಿ, ಆ ಗೆರೆ ಅದರದ್ದೇ." ಅವರ ದನಿಯಲ್ಲಿದ್ದುದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಐದು ತಿಂಗಳು ಅದೇ ದನಿಯಲ್ಲಿ ನನ್ನೊಳಗೆ ನಾನೇ ಮಾತಾಡಿಕೊಂಡಿದ್ದೆ.

"ಅಮ್ಮಂಗೆ ಹೇಳ್ತೀರಾ ಭಾವ?"

"ನೀನು ಹೇಳು ಅಂದ್ರೆ ಹೇಳ್ತೀನಿ. ಆಮೇಲೆ ನಂದು ಏನಾತು ಅಂತ ಕೇಳ್ತಾರೆ, ಅದಕ್ಕೆ ನೀನೇ ಉತ್ತರ ಕೊಡು."

ಇಬ್ಬರೂ ಹೇಳಲಿಲ್ಲ. ಅಮ್ಮ ಎಂದಿನಂತೆ ಮೊದಲ ಮಿರ್ಚಿಗಳನ್ನು ಅಳಿಯನಿಗೆ ಬಡಿಸಿ, ಆ ರಿವಿಟ್ಟಿನ ಗುಣಗಾನವನ್ನೂ ಜೊತೆಗೆ ಬಡಿಸಿದರು. ಭಾವ ತಲೆ ತಗ್ಗಿಸಿ ಕೇಳಿ, ತಮ್ಮ ತಟ್ಟೆಯ ಎಲ್ಲಕ್ಕಿಂತ ದಪ್ಪ ಮಿರ್ಚಿಯನ್ನು ಮೆಲ್ಲಗೆ ನನ್ನ ತಟ್ಟೆಗೆ ದಾಟಿಸಿದರು.

"ಅವನಿಗ್ಯಾಕೆ ಕೊಡ್ತೀರಿ? ಅವ್ನೇನು ಮಾಡ್ಯಾನೆ!" ಎಂದರು ಅಮ್ಮ.

ಈಗಲೂ ಎಣ್ಣೆ ಕಾಯುವ ತನಕ ಆ ಕಿವಿಯನ್ನು ನೋಡುತ್ತ ಕೂರುತ್ತೇನೆ. ಎರಡು ರಿವಿಟ್ಟು, ಒಂದು ಸೊಟ್ಟ, ಒಂದು ದುಂಡು, ಎರಡೂ ನನ್ನವೇ. ಆದರೂ ಅಮ್ಮ ದುಂಡನೆಯದನ್ನು ಹೊಗಳುವಾಗ, ಸೊಟ್ಟದ್ದರ ಪಕ್ಷ ವಹಿಸಿ ನನ್ನ ಹೊಟ್ಟೆ ಸಣ್ಣಗೆ ಉರಿಯುತ್ತದೆ.